ಪೀಠಿಕೆ ಓದಿದರೆ ಸಾಲದು

ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಪ್ರತಿದಿನ ಓದಿಸಬೇಕೆಂದು ರಾಜ್ಯ ಸಚಿವ ಸಂಪುಟವು 2023ರ ಜೂನ್‌ನಲ್ಲಿ ತೀರ್ಮಾನಿಸಿತು. ವ್ಯಕ್ತಿಗೌರವ, ಭ್ರಾತೃಭಾವನೆ ಎಂಬ ಪದಗಳು ಮಕ್ಕಳಿಗೆ ಕಂಠಪಾಠವಾಗಬಹುದು. ಅವು ಶೀಲವಾಗುವುದು ಹೇಗೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮಟ್ಟಿಗೆ ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ಹೊಗೆಸೊಪ್ಪು ಬೆಳೆಯುವ ರೈತರ ಮಕ್ಕಳೂ ನಾಗರಹೊಳೆಯಂಚಿನ ಹಾಡಿಗಳ ಜೇನುಕುರುಬರ ಮಕ್ಕಳೂ ಈ ಸೀಮೆಯವರೇ. ಹಾಡಿಯ ಮಗುವಿನ ನುಡಿ ಕೇಳಿ ಸಹಪಾಠಿಗಳು ನಕ್ಕರೆ ಅದು ಮೊದಲು ಮೌನವಾಗುತ್ತದೆ. ಅನಂತರ ಶಾಲೆಯನ್ನೇ ತೊರೆಯುವ ಅಪಾಯವಿದೆ. ತನ್ನತನಕ್ಕೆ ನಾಚುವ ಮಗುವಿಗೆ ಸಮುದಾಯದ ಪಾಠ ರುಚಿಸದು. ನಕ್ಕ ಮಗುವಿಗೂ ನಷ್ಟವೇ: ಅದರ ಶೀಲ ಅಲ್ಲೇ ಕುಂದುತ್ತದೆ.

ಶಿಕ್ಷಣವು ಪ್ರತಿಯೊಬ್ಬರ ಹಕ್ಕೆಂದೂ ಅದು ಅನ್ಯರೊಡನೆ ಸಹೋದರಭಾವಕ್ಕೆ ದಾರಿಯಾಗಬೇಕೆಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಸಂವಿಧಾನದ 30ನೇ ವಿಧಿಯು ನಮಗಿತ್ತ ಶಾಲೆ ನಡೆಸುವ ಹಕ್ಕು ಸಾರ್ಥಕವಾಗುವುದು ಕಡೆಯ ಬೆಂಚಿನ ಮಗುವಿಗೂ ಗೌರವ ದೊರೆತಾಗಲೇ.

ಡೋರ್ನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲ ಮತದವರೂ ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲು ತರಗತಿಯಲ್ಲಿಯೂ ಕಾಣಬೇಕು. ಅಂಕವೆಷ್ಟೆಂದು ಕೇಳುವ ತಂದೆತಾಯಿಗಳಾದ ನಾವು, ಪಕ್ಕದಲ್ಲಿ ಕುಳಿತವರ ಹೆಸರೇನು, ಊರಾವುದು ಎಂದೂ ಮಕ್ಕಳನ್ನು ಕೇಳೋಣ. ಪೀಠಿಕೆಯ ಅರ್ಥ ಅಲ್ಲಿಂದ ತೆರೆಯುತ್ತದೆ.