ಅಟ್ಟೆ ಸವೆದ ಮಾತ್ರಕ್ಕೆ ಶೂ ಎಸೆಯಬೇಕೆ?

ಮಾಗಡಿ ಸಮೀಪದ ಸಾವನದುರ್ಗದ ಹೆಬ್ಬಂಡೆಯಲ್ಲಿ ಕೈಗೆ ದೊರೆಯುವ ಹಿಡಿತಗಳು ವಿರಳ. ಆ ಗ್ರಾನೈಟ್ ಇಳಿಜಾರಿನಲ್ಲಿ ಶಿಲಾರೋಹಿಯನ್ನು ನಿಲ್ಲಿಸುವುದು ಬಹುಮಟ್ಟಿಗೆ ರಬ್ಬರು ಮತ್ತು ಕಲ್ಲಿನ ನಡುವಣ ಘರ್ಷಣೆ. ಕಾಲೂರಲು ಅಂಚೇ ಇಲ್ಲದ ಕಡೆ ಹಿಮ್ಮಡಿಯನ್ನು ತಗ್ಗಿಸಿ, ಪಾದದ ಮುಂಭಾಗವನ್ನು ಕಲ್ಲಿಗೆ ಒತ್ತಿ ನಿಲ್ಲುವ ಈ ಕ್ರಮಕ್ಕೆ ಸ್ಮಿಯರಿಂಗ್ ಎಂದು ಹೆಸರು.

ಕಾಲು ಜಾರತೊಡಗಿದೊಡನೆ ಹೊಸ ಶೂ ಕೊಳ್ಳಲು ಹೊರಡುವ ವಿದ್ಯಾರ್ಥಿ ಮಿತ್ರರಿಗೆ ಈ ಮಾತು. (ಕಲ್ಲುಹೂವೇ ಜಾರಿಕೆಗೆ ಕಾರಣವೆಂದು ತಂತಿ ಬ್ರಷ್‌ನಿಂದ ಬಂಡೆ ಉಜ್ಜುವವರಿಗೆ ಬೇರೆಯೇ ಲೇಖನ ಬೇಕು.) ಮೊದಲು ಅಟ್ಟೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ನಿಜಕ್ಕೂ ಸವೆದಿದ್ದರೂ ಸವೆದಿರುವುದು ಹೆಬ್ಬೆರಳಿನ ಕೆಳಗೆ ನಾಣ್ಯದಗಲದ ಜಾಗ ಮಾತ್ರ. ಮೇಲಿನ ಚರ್ಮ, ಹೊಲಿಗೆ, ನಿಮ್ಮ ಪಾದಕ್ಕೆ ಒಗ್ಗಿದ ಆಕಾರ ಇವೆಲ್ಲ ಗಟ್ಟಿಯಾಗಿಯೇ ಇರುತ್ತವೆ. ಅದನ್ನು ತಿಪ್ಪೆಗೆ ಹಾಕುವುದು ಶುದ್ಧ ದುಂದು.

ಆದರೆ ಕಾಲ ಮೀರಬಾರದು. ಬೆರಳುಗಳ ಮುಂದೆ ಸುತ್ತಿಬಂದಿರುವ ತೆಳುವಾದ ರಬ್ಬರು ಪಟ್ಟಿ ತೂತಾಗುವ ಮೊದಲೇ ಅಟ್ಟೆ ಬದಲಿಸಬೇಕು; ತೂತಾದರೆ ಪಟ್ಟಿಯನ್ನೂ ಬದಲಿಸಬೇಕಾಗಿ ಕೆಲಸವೂ ಖರ್ಚೂ ಏರುತ್ತವೆ. ಸ್ಮಿಯರಿಂಗ್‌ಗೆ ಮೃದುವಾದ ರಬ್ಬರನ್ನೇ ಕೇಳಿ. ಒತ್ತಿದಾಗ ಅದು ಕಲ್ಲಿನ ಹರಳುಗಳ ಸಂದಿಗೆ ಇಳಿದು ಹಿಡಿಯುತ್ತದೆ. ಗಡಸು ರಬ್ಬರು ಸಣ್ಣ ಅಂಚುಗಳ ಮೇಲೆ ನಿಲ್ಲಲು ಲೇಸು. ಸುಮಾರು 4 ಮಿ.ಮೀ. ದಪ್ಪ ಸಾಮಾನ್ಯ, ತುಸು ತೆಳುವಾದರೆ ಕಲ್ಲಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಬೇಗ ಸವೆಯುತ್ತದೆ ಕೂಡ.

ಹಳೆಯ ಅಂಟನ್ನು ಕಾಯಿಸಿ ಅಟ್ಟೆಯ ಮುಂಭಾಗ ಬಿಡಿಸುವುದು, ಉಜ್ಜಿ ಒರಟು ಮಾಡುವುದು, ಎರಡೂ ಬದಿಗೆ ಅಂಟು ಹಚ್ಚಿ ಆರಲು ಬಿಟ್ಟು, ಬಿಸಿ ಮಾಡಿ ಒತ್ತುವುದು, ಅಂಚು ಸವರುವುದು: ಲಾರಿ ಟೈರಿನಿಂದ ಚಪ್ಪಲಿ ಕಡೆದ ನಮ್ಮ ಪೇಟೆಗಳ ಕೈಗಳಿಗೆ ಇದೇನೂ ಅಸಾಧ್ಯವಲ್ಲ. ಟೈರನ್ನು ಮಾತ್ರ ಇಲ್ಲಿ ಬಳಸಕೂಡದು. ಬಾಳಿಕೆಗೆಂದು ಮಾಡಿದ ಆ ರಬ್ಬರು ಬಂಡೆಗೆ ಹಾಗೆ ಅಂಟಿ ನಿಲ್ಲದು. ಆರೋಹಣ ಸಂಘಗಳು ಒಟ್ಟಾಗಿ ಸರಿಯಾದ ರಬ್ಬರು ಹಾಳೆ ತರಿಸಿ, ಈ ಕುಶಲಕರ್ಮಿಗಳಿಗೆ ಕೊಟ್ಟು, ಚೌಕಾಸಿಯಿಲ್ಲದೆ ಕೂಲಿ ತೆರಬೇಕೆಂಬುದು ನನ್ನ ಅಭಿಪ್ರಾಯ. ಹೊಸ ಅಟ್ಟೆಯನ್ನು ಮೊದಲು ಬಂಡೆಯ ಬುಡದಲ್ಲೇ ಪರೀಕ್ಷಿಸಬೇಕು.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. 2025ರಲ್ಲಿ ವಿಯೆನ್ನಾ ಹಾಗೂ ಲೌಸಾನ್‌ನ ಸಂಶೋಧಕರು ಒಳಾಂಗಣ ಆರೋಹಣ ಕೇಂದ್ರಗಳ ಗಾಳಿ ಮತ್ತು ಧೂಳಿನಲ್ಲಿ, ಟೈರುಗಳಿಗೆ ಬೆರೆಸುವಂಥವೇ ರಾಸಾಯನಿಕಗಳನ್ನು ಕಂಡರು. ಅವು ಬಂದದ್ದು ಶೂಗಳ ಅಟ್ಟೆಯಿಂದ. ಅವುಗಳಲ್ಲೊಂದಾದ 6ಪಿಪಿಡಿಯಿಂದ ಹುಟ್ಟುವ ವಸ್ತುವೇ ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳ ಸಾವಿಗೆ ಕಾರಣವೆಂದು ಅದಕ್ಕೆ ಮೊದಲೇ ತಿಳಿದಿತ್ತು. ಅಟ್ಟೆ ಬದಲಿಸಿದರೆ ಶೂ ಉಳಿದೀತು, ರಬ್ಬರಿನ ಸವೆತ ನಿಲ್ಲದು. ಅಂಚು ಸವರುವಾಗ ಏಳುವ ಧೂಳು ಮೊದಲು ಸೇರುವುದು ದುರಸ್ತಿ ಮಾಡುವವರ ಶ್ವಾಸಕೋಶವನ್ನು. ಆದ್ದರಿಂದ ರಬ್ಬರು ಹಾಳೆಯ ಜೊತೆಗೇ ಒಳ್ಳೆಯ ಮುಖಗವಸನ್ನೂ ಸಂಘದ ಖರ್ಚಿನಲ್ಲೇ ಕೊಡಬೇಕು. ಕೆಲಸ ಬಯಲಲ್ಲಿ ನಡೆಯಬೇಕು. ಗುಡಿಸಿದ ಪುಡಿ ಚರಂಡಿಗೆ ಹೋಗದೆ ಚೀಲಕ್ಕೆ ಹೋಗಬೇಕು.