ಬೋರ್ಡು ಕನ್ನಡದ್ದು, ಮೆನು ಯಾರದ್ದು?

ಕಳೆದ ತಿಂಗಳು ದೊಡ್ಡಪ್ಪನ ಜೊತೆ ಹುಣಸೂರಿಗೆ ಹೋಗಿದ್ದೆ. ಕೆಲಸ ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲ ಹೋಟೆಲಿಗೆ ಹೊಕ್ಕೆವು. ದೊಡ್ಡಪ್ಪ ಸಪ್ಲೈಯರ್ ಹುಡುಗನನ್ನು ಕೇಳಿದರು: “ತಿಂಡಿ ಏನೇನದೆ ಮಗಾ?” ಹುಡುಗ ಟೇಬಲಿಗೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿ, “ಸ್ಕ್ಯಾನ್ ಮಾಡಿ ಯಜಮಾನ್ರೆ, ಎಲ್ಲಾ ಅದ್ರಲ್ಲೇ ಬರ್ತದೆ” ಅಂದು ಹೋದ.

ದೊಡ್ಡಪ್ಪನದು ಕೀಪ್ಯಾಡ್ ಫೋನು. ನನ್ನ ಫೋನಿನಲ್ಲಿ ತೆರೆದರೆ ಮೆನು ಪೂರ್ತಿ ಇಂಗ್ಲಿಷು. ನಾನು ಓದಿ ಹೇಳುವಷ್ಟರಲ್ಲಿ ಅವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡಿದ್ದರು. “ಬಾ, ಬಸ್‌ಸ್ಟ್ಯಾಂಡ್ ಹತ್ರ ಹೋಗಣ.” ಅಲ್ಲಿ ಸಪ್ಲೈಯರ್ ಒಂದೇ ಉಸಿರಿಗೆ ಇಡ್ಲಿ, ವಡೆ, ಸೆಟ್ ದೋಸೆ, ರೈಸ್‌ಬಾತ್ ಎಂದು ಒಪ್ಪಿಸಿದ. ದೊಡ್ಡಪ್ಪ ಆರಾಮಾಗಿ ಎರಡು ಸಲ ಸಾಂಬಾರು ಹಾಕಿಸಿಕೊಂಡರು.

ಹೋಟೆಲ್‌ ಬಾಗಿಲಿನ ಮೇಲಿನ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಆ ಹೋಟೆಲಿನ ಬೋರ್ಡು ದಪ್ಪ ಕನ್ನಡ ಅಕ್ಷರದಲ್ಲೇ ಇತ್ತು. ಒಳಗೆ ಹೋಗಿ ಕೂತವನಿಗೆ ಮಾತ್ರ ಒಂದಕ್ಷರ ಕನ್ನಡ ಇಲ್ಲ. ಬೋರ್ಡು ನೋಡಿ ಯಾರೂ ಹೊಟ್ಟೆ ತುಂಬಿಸಿಕೊಳ್ಳಲ್ಲ ಸ್ವಾಮಿ.

ಯಂತ್ರವೇ ಬೇಡ ಎನ್ನುವವನು ನಾನಲ್ಲ. ದುಡ್ಡು ಬಂತು ಎಂದು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್‌ಬಾಕ್ಸ್ ನೋಡಿ. ಓದು ಬರಹ ಬಾರದ ಟೀ ಅಂಗಡಿ ಅಕ್ಕನೂ ಒಲೆ ಮುಂದೆ ನಿಂತೇ ಲೆಕ್ಕ ಹಿಡಿಯುತ್ತಾರೆ, ಚಿಲ್ಲರೆ ಜಗಳ ತಪ್ಪಿದೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ದೂರದಿಂದ ಬರುವವರಿಗೆ ಫೋನಿನಲ್ಲಿ ಊಟದ ಫೋಟೋ ಕಂಡರೆ ಅನುಕೂಲವೇ. ನನ್ನ ತಕರಾರು, ಅದೊಂದೇ ದಾರಿ ಎಂದು ಮಾಡುವುದರ ಬಗ್ಗೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಫೋನಿಗೆ ನೆಟ್‌ವರ್ಕ್ ಸಿಗಬೇಕಾದರೆ ಕೈ ಮೇಲೆತ್ತಿಕೊಂಡು ಓಡಾಡಬೇಕು. ಕೆ.ಆರ್. ನಗರದ ಕಡೆ ಚುಂಚನಕಟ್ಟೆ ಜಾತ್ರೆಗೆ ಬಂದವನ ಫೋನು ಸಂಜೆ ಹೊತ್ತಿಗೆ ಸತ್ತಿದ್ದರೆ ಅವನು ಉಪವಾಸ ಇರಬೇಕಾ?

ಉಲ್ಟಾ ಹೊಡೆದದ್ದೂ ಉಂಟು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೇಕರಿ, ಟೀ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತುಹಾಕಿದರು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಬಂದವು. ಹಳೇ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಅದು ತಣ್ಣಗಾಯಿತು. ಆಗ ಜೇಬಲ್ಲಿ ನೋಟು ಇಲ್ಲದ ಹುಡುಗರು ಪೇಚಾಡಿದರು, ಈಗ ದೊಡ್ಡಪ್ಪನಂಥವರ ಸರದಿ. ಗಲ್ಲಾದಲ್ಲಿ ಎರಡೂ ನಡೆಯಲಿ. ಗೋಡೆಗೆ ಸೀಮೆಸುಣ್ಣದಲ್ಲಿ ದರ ಬರೆದ ಕರಿಹಲಗೆ ತೂಗುಹಾಕಲು ಮಾಲೀಕರಿಗೆ ಎಷ್ಟು ಖರ್ಚು?

ಲಾಡ್ಜಿನದು ಇನ್ನೊಂದು ಕಥೆ. ರೂಮು ಕೇಳಿದ ತಕ್ಷಣ ಆಧಾರ್ ಕೊಡಿ ಅಂತಾರೆ. ಗುರುತಿನ ದಾಖಲೆ ಕೇಳುವುದು ಸರಿ. ಆದರೆ ರಿಸೆಪ್ಷನ್ ಹುಡುಗ ತನ್ನ ಸ್ವಂತ ಫೋನಿನಲ್ಲಿ ಕಾರ್ಡಿನ ಫೋಟೋ ಹೊಡೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ. ಹೋಟೆಲಿನವರು ಆಧಾರ್ ಪ್ರತಿ ಪಡೆಯುವಂತಿಲ್ಲ ಎಂದು 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು. ಜನರಿಗೆ ಗೊಂದಲ ಹಾಗೇ ಉಳಿಯಿತು.

ನಿಮ್ಮ ಕೈಲಿ ಆಗುವುದು ಒಂದಿದೆ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಊರಿಗೆ ಹೋಗುವ ಮುಂಚೆ ಒಂದು ಪ್ರಿಂಟ್ ತೆಗೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ, ಮನೆಯ ಹಿರಿಯರಿಗೂ ಒಂದು ತೆಗೆಸಿಕೊಡಿ. ದೊಡ್ಡಪ್ಪನಿಗೆ ನಾನು ಮೊನ್ನೆ ತೆಗೆಸಿಕೊಟ್ಟೆ. ಇನ್ನೆಂಟು ಅಂಕಿ ಎಲ್ಲೋದ್ವು ಅಂತ ಮೂರು ಸಲ ಕೇಳಿದರು.