ಟೈರಿನ ವಯಸ್ಸು ಕೇಳಿ ಕೊಳ್ಳಿ

ಟ್ರ್ಯಾಕ್ಟರಿಗೆ ಟೈರು ಹಾಕಿಸುವಾಗ ನಾವು ನಾಲ್ಕು ಅಂಗಡಿ ತಿರುಗುತ್ತೇವೆ. ಗ್ರಿಪ್ಪು ಮುಟ್ಟಿ ನೋಡುತ್ತೇವೆ, ಪಕ್ಕದ ಕ್ಯಾಂಪಿನವರು ಯಾವುದು ಹಾಕಿಸಿದ್ದಾರೆ ಎಂದು ವಿಚಾರಿಸುತ್ತೇವೆ, ಕೊನೆಗೆ ನೂರು ರೂಪಾಯಿಗೂ ಚೌಕಾಸಿ ಮಾಡುತ್ತೇವೆ. ಮನೆ ಮುಂದೆ ನಿಂತ ಸಣ್ಣ ಎಸ್‌ಯುವಿಯ ವಿಷಯ ಬಂದಾಗ ಮಾತ್ರ ಅಂಗಡಿಯವ ಹೇಳಿದ್ದೇ ವೇದವಾಕ್ಯ. ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಇದು ಈಗ ದೊಡ್ಡ ರೈತರ ಗಾಡಿಯಾಗಿ ಉಳಿದಿಲ್ಲ. ಐದಾರು ಎಕರೆಯವರೂ ಎರಡನೇ ಕೈಯಿಂದ ಒಂದು ತಂದು ನಿಲ್ಲಿಸಿದ್ದಾರೆ. ರಾಯಚೂರಿನ ಆಸ್ಪತ್ರೆಗೆ, ಮಕ್ಕಳ ಹಾಸ್ಟೆಲ್ಲಿಗೆ, ಬೀಜಕ್ಕೆ, ಔಷಧಕ್ಕೆ, ಮದುವೆ ಮುಂಜಿಗೆ ಅದೇ ಗಾಡಿ. ಇಂಥ ಬಹಳಷ್ಟು ಗಾಡಿಗಳ ಮೂಲ ಟೈರುಗಳ ಕಾಲ ಈಗ ಮುಗಿಯುತ್ತಿದೆ. ನಾಲ್ಕೂ ಬದಲಿಸಲು 25ರಿಂದ 35 ಸಾವಿರ ಬೇಕು. ಒಂದು ಎಕರೆ ನೆಲ್ಲಿನ ಖರ್ಚೇ ಅಷ್ಟು ಬರುತ್ತದೆ. ಅದಕ್ಕಾಗಿ ಈ ಬರೆಹ.

ನನ್ನದು ಎಡದಂಡೆ ಕಾಲುವೆಯ ಕೊನೆಭಾಗದ ಹೊಲ. ಅರ್ಧ ನೆಲ್ಲು, ಉಳಿದದ್ದು ಹತ್ತಿ ಮತ್ತು ತೊಗರಿ. ನೀರು ಬಂದರೆ ಬಂತು ಎನ್ನುವ ಜಾಗ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಮನಸ್ಸೂ ಯಾರಿಗೂ ಇರಲಿಲ್ಲ. ಹೀಗಿರುವಾಗ ಟೈರಿನಂಥ ಖರ್ಚನ್ನು ತೂಗಿ ನೋಡದೆ ಮಾಡಲಾಗದು. ಹಾಗಂತ ಬೇಡದ ಕಡೆ ಉಳಿಸಿದರೆ ಜೀವಕ್ಕೇ ಸಂಚಕಾರ.

ಮೊದಲು ಒಂದು ಲೆಕ್ಕ. ನಮ್ಮಂಥವರ ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ? ನಮ್ಮನೆಯದು ಆರೇಳು ಸಾವಿರ ಕಿಲೋಮೀಟರು. ನಾಟಿ, ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚಿನ ದಿನ ಅಂಗಳದಲ್ಲೇ ನಿಂತಿರುತ್ತದೆ. ಟೈರಿನ ರಬ್ಬರು ಓಡಿದರೆ ಮಾತ್ರ ಸವೆಯುವುದಲ್ಲ, ನಿಂತಲ್ಲೇ ಮುದಿಯಾಗುತ್ತದೆ. ಬಿಸಿಲು, ಗಾಳಿಗೆ ಒಳಗಿನ ಎಣ್ಣೆಯಂಶ ಹೋಗಿ ಬಿರುಸಾಗುತ್ತದೆ, ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಆರು ವರ್ಷದ ಟೈರನ್ನು ನಾನಂತೂ ಹೆದ್ದಾರಿಗೆ ಒಯ್ಯಲಾರೆ. ಆರು ವರ್ಷಕ್ಕೆ ನಮ್ಮ ಗಾಡಿ ಓಡುವುದು 40 ಸಾವಿರ. ಅಂದಮೇಲೆ ‘ಇದು 80 ಸಾವಿರ ಬಾಳಿಕೆ ಬರ್ತೈತ್ರಿ’ ಎಂದು ಅಂಗಡಿಯವ ಹೆಚ್ಚು ಬೆಲೆಯ ಗಟ್ಟಿ ಟೈರು ತೋರಿಸಿದರೆ ಅದರಿಂದ ನಮಗೇನು ಬಂತು? ಅರ್ಧ ಬಾಳಿಕೆಯನ್ನು ಬಿಸಿಲಿಗೆ ಕೊಟ್ಟ ಹಾಗೆ. ಬಾಡಿಗೆ ಹೊಡೆಯುವವರಿಗೆ ಆ ಟೈರು ಸರಿ. ಕಡಿಮೆ ಓಡಿಸುವ ರೈತ ಅದೇ ದುಡ್ಡಿಗೆ ಮಳೆಯಲ್ಲಿ ಹಿಡಿತ ಚೆನ್ನಾಗಿರುವ, ಸ್ವಲ್ಪ ಮೆದು ರಬ್ಬರಿನ ಟೈರು ಕೊಳ್ಳಲಿ. ಸವೆತ ಬೇಗ ಆಗುತ್ತದೆ ಎಂಬ ಹೆದರಿಕೆ ನಮಗೆ ಬೇಡ.

ಇದೇ ಕಾರಣಕ್ಕೆ ಟೈರಿನ ಹುಟ್ಟಿದ ದಿನ ನೋಡುವುದು ಬ್ರ್ಯಾಂಡು ನೋಡುವುದಕ್ಕಿಂತ ಮುಖ್ಯ. ಟೈರಿನ ಪಕ್ಕದಲ್ಲಿ ‘ಡಿ.ಒ.ಟಿ.’ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಈ ಅಂಕಿ ಒಂದೇ ಬದಿಗೆ ಇರುವುದೂ ಉಂಟು, ಟೈರು ಮಗುಚಿ ಹಾಕಿಸಿ ನೋಡಬೇಕು. ತಾಲೂಕು ಊರುಗಳಲ್ಲಿ ಎಸ್‌ಯುವಿ ಅಳತೆಯ ಟೈರು ದಿನಾ ಖರ್ಚಾಗುವ ಮಾಲಲ್ಲ, ಹಾಗಾಗಿ ಹಳೆ ದಾಸ್ತಾನು ಉಳಿದಿರುತ್ತದೆ. ಒಂದು ಅಂಗಡಿಯಲ್ಲಿ ನನಗೆ ‘ಅಣ್ಣಾರ, ನಿನ್ನೆ ಇಳಿಸಿದ ಮಾಲು’ ಎಂದು ತೋರಿಸಿದ ಟೈರಿಗೆ ಎರಡೂವರೆ ವರ್ಷ ತುಂಬಿತ್ತು. ನಿನ್ನೆ ಇಳಿಸಿದ್ದು ನಿಜವೇ ಇರಬಹುದು, ಎಲ್ಲಿಂದಲೋ ಯಾರೂ ಒಯ್ಯದ್ದನ್ನು ಇಳಿಸಿದ್ದರು! ನೆರಳಿನಲ್ಲಿಟ್ಟ ಆರು ತಿಂಗಳು, ವರ್ಷದ ಮಾಲು ತೆಗೆದುಕೊಳ್ಳಬಹುದು. ಅದಕ್ಕೂ ಹಳೆಯದನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ಒಲ್ಲೆ. ಬೀಜದ ಚೀಲದ ಮೇಲಿನ ತಾರೀಕು ನೋಡದೆ ಯಾರಾದರೂ ಬಿತ್ತುತ್ತಾರೆಯೇ?

ನಮ್ಮೂರಿನವರೊಬ್ಬರ ಗಾಡಿ ಎರಡು ವರ್ಷದ ಹಿಂದೆ ಏಪ್ರಿಲ್ ಬಿಸಿಲಿನಲ್ಲಿ ಮದುವೆಗೆ ಹೊರಟಿತ್ತು. ಐದು ಜನರ ಗಾಡಿಯಲ್ಲಿ ಏಳು ಜನ, ಮೇಲೆ ಪಾತ್ರೆಪಗಡೆ. ಮಸ್ಕಿ ದಾಟಿದ ಮೇಲೆ ಹಿಂದಿನ ಟೈರು ಒಡೆದು ಗಾಡಿ ತಗ್ಗಿಗೆ ಇಳಿಯಿತು. ಪುಣ್ಯಕ್ಕೆ ಮುದುಕಿಯೊಬ್ಬಳ ಕೈ ಮುರಿದದ್ದು ಬಿಟ್ಟರೆ ಬೇರೆ ಅನಾಹುತವಾಗಲಿಲ್ಲ. ‘ಗ್ರಿಪ್ಪು ಹೊಸದರಂಗೇ ಐತಿ, ಯಾಕ ಒಡೀತೋ’ ಎಂದು ಎಲ್ಲರಿಗೂ ಸೋಜಿಗ. ನಾನು ಅಂಕಿ ನೋಡಿದೆ, ಎಂಟು ವರ್ಷದ ಟೈರು. ಹವಾ ಎಂದು ನೋಡಿಸಿದ್ದರೋ ಅವರಿಗೇ ನೆನಪಿರಲಿಲ್ಲ. ಮುದಿ ರಬ್ಬರು, ಕಡಿಮೆ ಹವಾ, ಮಿತಿ ಮೀರಿದ ಭಾರ, ಕಾದ ರಸ್ತೆ. ಇವು ನಾಲ್ಕೂ ಕೂಡಿದರೆ ಯಾವ ಕಂಪನಿಯ ಟೈರೂ ತಡೆಯದು. ಹವಾ ಕಡಿಮೆಯಿದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ. ಮಡಚಿದಷ್ಟೂ ಒಳಗೆ ಕಾವು ಏರುತ್ತದೆ, ಕಾವಿಗೆ ಪದರಗಳು ಬಿಟ್ಟುಕೊಳ್ಳುತ್ತವೆ.

ಭಾರದ ಮಾತು ಬಂತು. ಟೈರಿನ ಮೇಲೆ 215/60 ಆರ್ 16, 95 ಎಚ್ ಎಂದು ಬರೆದಿದ್ದರೆ 215 ಎಂಬುದು ಮಿಲಿಮೀಟರಿನಲ್ಲಿ ಅಗಲ, 60 ಎಂದರೆ ಪಕ್ಕದ ಎತ್ತರ ಅಗಲದ ನೂರಕ್ಕೆ 60 ಪಾಲು, 16 ಅಂಗುಲ ಡಿಸ್ಕಿನ ಅಳತೆ. 95 ಎಂಬುದು ಭಾರದ ಅಂಕಿ. ಒಂದು ಟೈರು ಸರಿಯಾದ ಹವಾ ಇದ್ದಾಗ 690 ಕಿಲೋ ಹೊರಬಲ್ಲದು. 91 ಇದ್ದರೆ 615 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನ ತನಕ ತಡೆಯುತ್ತದೆ ಎಂದು, ಅದು ನಮ್ಮ ರಸ್ತೆಗೆ ಬೇಕಾದದ್ದಕ್ಕಿಂತ ಹೆಚ್ಚೇ. ಅಗ್ಗಕ್ಕೆ ಸಿಗುತ್ತದೆಂದು ಮೂಲ ಟೈರಿಗಿಂತ ಕಡಿಮೆ ಭಾರದ ಅಂಕಿಯದನ್ನು ಮಾತ್ರ ಹಾಕಿಸಬೇಡಿ. ಇನ್ನು ಟೈರು ಹೊತ್ತರೂ ಗಾಡಿಗೆ ಅದರದೇ ಮಿತಿ ಇದೆ. ಆರ್.ಸಿ.ಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ, ಕಳೆದು ನೋಡಿ. ಐದು ಜನ ಕುಳಿತರೇ 300 ಕಿಲೋ ದಾಟುತ್ತದೆ. ಅದರ ಮೇಲೆ ಡಿಕ್ಕಿಯಲ್ಲಿ 50 ಕಿಲೋದ ನಾಲ್ಕು ಚೀಲ ಡಿಎಪಿ ಹೇರಿದರೆ ಭಾರವೆಲ್ಲ ಹಿಂದಿನ ಎರಡು ಗಾಲಿಗೆ. ಗೊಬ್ಬರಕ್ಕೆ ಟ್ರ್ಯಾಕ್ಟರೋ ಗೂಡ್ಸ್ ಆಟೋವೋ ಇದೆಯಲ್ಲ!

ಹುಡುಗರಿಗೆ ದಪ್ಪ ಟೈರಿನ ಹುಚ್ಚು. ನನ್ನ ಮಗನೂ ‘ಅಪ್ಪಾ, ಜೀಪಿನಂಗೆ ದೊಡ್ಡ ಗ್ರಿಪ್ಪಿಂದು ಹಾಕ್ಸೋಣ, ಹೊಲಕ್ಕೂ ಹೋಗ್ತೈತಿ’ ಎಂದ. ಎರೆಹೊಲ ಹಸಿಯಾದಾಗ ಎತ್ತೇ ಕಾಲು ಕೀಳಲಾರದೆ ನಿಲ್ಲುತ್ತದೆ, ಮುಂದಿನ ಎರಡೇ ಗಾಲಿ ಎಳೆಯುವ ಈ ಗಾಡಿ ಹೋದೀತೇ? ಗ್ರಿಪ್ಪಿನ ಸಂದಿಗೆ ಎರೆಮಣ್ಣು ಮೆತ್ತಿಕೊಂಡರೆ ಹತ್ತು ಮಾರಿನೊಳಗೆ ಅದೂ ನುಣ್ಣಗಿನ ಟೈರೇ. ಮಸಾರಿ ನೆಲದಲ್ಲಿ, ಮುರಂ ರಸ್ತೆಯಲ್ಲಿ ಸಾದಾ ಟೈರೇ ಸಾಕು. ಆ ದೊಡ್ಡ ಗ್ರಿಪ್ಪಿನ ಟೈರು ಭಾರ ಹೆಚ್ಚು, ಡಾಂಬರಿನ ಮೇಲೆ ಸದ್ದು, ಎಣ್ಣೆ ಹೆಚ್ಚು ಕುಡಿಯುತ್ತದೆ, ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ನಾವು ಓಡಾಡುವುದು ನೂರಕ್ಕೆ ತೊಂಬತ್ತು ಪಾಲು ಡಾಂಬರಿನಲ್ಲೇ.

ಡಿಸ್ಕು ದೊಡ್ಡದು ಮಾಡಿಸುವುದು ಇನ್ನೊಂದು ಶೋಕಿ. 215/60ರ 16 ಅಂಗುಲದ ಟೈರಿಗೆ ಪಕ್ಕದ ಎತ್ತರ 129 ಮಿಲಿಮೀಟರು. ಅದನ್ನು 215/55ರ 17 ಅಂಗುಲಕ್ಕೆ ಏರಿಸಿದರೆ 118ಕ್ಕೆ ಇಳಿಯುತ್ತದೆ. ಗುಂಡಿಗೂ ಡಿಸ್ಕಿಗೂ ನಡುವೆ ಇರುವುದು ಅಷ್ಟೇ ರಬ್ಬರು. ನೆಲ್ಲಿನ ಗದ್ದೆಯಿಂದ ಎದ್ದ ಟ್ರ್ಯಾಕ್ಟರುಗಳು ಕೇಜ್‌ವೀಲ್ ಬಿಚ್ಚದೆ ಡಾಂಬರಿನ ಮೇಲೆ ಓಡಿ ಮಾಡಿದ ಗುಂಡಿಗಳಿರುವ ನಮ್ಮ ಹಳ್ಳಿ ರಸ್ತೆಗಳಲ್ಲಿ ಈ 11 ಮಿಲಿಮೀಟರು ಬಹಳ ದೊಡ್ಡದು. (ಆ ಕಬ್ಬಿಣದ ಗಾಲಿ ಓಡಿಸುವವರೂ ನಾವೇ, ಗುಂಡಿಗೆ ಬೈಯುವವರೂ ನಾವೇ.) ಕಂಪನಿ ಕೊಟ್ಟ ಅಳತೆಯನ್ನೇ ಹಾಕಿಸಿ.

ಮುಳ್ಳಿನ ಕಾಟ ಗೊತ್ತೇ ಇದೆ. ಕಾಲುವೆ ದಂಡೆ ತುಂಬ ಬಳ್ಳಾರಿ ಜಾಲಿ, ಕಡಿದರೆ ರಸ್ತೆಗೇ ಎಸೆಯುತ್ತಾರೆ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ನೆಟ್ಟರೂ ಹವಾ ನಿಧಾನ ಹೋಗುತ್ತದೆ, ಊರು ಮುಟ್ಟಬಹುದು. ಕೆಲವರು ಪಂಕ್ಚರಿಗೆ ಬೇಸತ್ತು ಟ್ಯೂಬ್‌ಲೆಸ್ ಒಳಗೆ ಟ್ಯೂಬು ತುರುಕಿಸುತ್ತಾರೆ. ಇದು ಬೇಡ. ಟ್ಯೂಬು, ಟೈರು ಒಂದಕ್ಕೊಂದು ಉಜ್ಜಿ ಕಾವು ಹೆಚ್ಚುತ್ತದೆ, ಪಂಕ್ಚರಾದರೆ ಹವಾ ಒಮ್ಮೆಲೇ ಹೋಗುತ್ತದೆ. ಹತ್ತಿ, ತೊಗರಿಯ ಕೂಳೆ ಮುಳ್ಳಿಗಿಂತ ಕೆಟ್ಟದ್ದು. ಓರೆಯಾಗಿ ಕೊಯ್ದ ಕೂಳೆ ಟೈರಿನ ಪಕ್ಕಕ್ಕೆ ಚುಚ್ಚಿದರೆ ಆ ಟೈರು ಹೋದಂತೆಯೇ, ಪಕ್ಕದ ತೂತಿಗೆ ಪಂಕ್ಚರ್ ತೆಗೆಸಿ ಓಡಿಸಬಾರದು. ಹಾಗಾಗಿ ಸ್ಟೆಪ್ನಿ ಬೇಕೇ ಬೇಕು. ಟ್ಯೂಬ್‌ಲೆಸ್ ಟೈರು, ಹವಾ ತೋರಿಸುವ ಸಾಧನ, ಪಂಕ್ಚರ್ ಕಿಟ್ಟು ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಎಂದು ಸರ್ಕಾರ 2020ರಲ್ಲಿ ನಿಯಮ ಸಡಿಲಿಸಿದೆ. ಎರಡನೇ ಕೈ ಗಾಡಿ ಕೊಳ್ಳುವಾಗ ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿಯ ವಯಸ್ಸೂ ನೋಡಿ, ಅದು ಒಮ್ಮೆಯೂ ಓಡದೆ ಮುದಿಯಾಗಿರುತ್ತದೆ.

ದುಡ್ಡು ಸಾಲದೆ ಎರಡೇ ಟೈರು ಹಾಕಿಸುವವರೇ ನಮ್ಮಲ್ಲಿ ಹೆಚ್ಚು. ತಪ್ಪೇನಿಲ್ಲ. ಆದರೆ ಹೊಸವು ಎಲ್ಲಿಗೆ? ‘ಎಂಜಿನ್ ಎಳೆಯೋದು ಮುಂದಿನ ಗಾಲಿ, ಅದಕ್ಕ ಮುಂದ ಹಾಕ್ರಿ’ ಎಂದೇ ಬಹಳ ಅಂಗಡಿಗಳಲ್ಲಿ ಹೇಳುತ್ತಾರೆ. ನನ್ನ ಮಟ್ಟಿಗೆ ಹೊಸವು ಹಿಂದಕ್ಕೇ ಹೋಗಬೇಕು. ದೊಡ್ಡ ಟೈರು ಕಂಪನಿಗಳ ಸಲಹೆಯೂ ಅದೇ. ಶ್ರಾವಣದಲ್ಲಿ ನಾಟಿ ನಡೆದಾಗ ಡಾಂಬರಿನ ಮೇಲೆ ಕೆಸರು ಬಿದ್ದಿರುತ್ತದೆ, ಮೇಲೆ ಜಿಟಿಜಿಟಿ ಮಳೆ. ಮುಂದಿನ ಗಾಲಿ ಜಾರಿದರೆ ಗಾಡಿ ನೇರ ಹೋಗುತ್ತದೆ, ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಕಾಲು ಎತ್ತಿದರೆ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಅದನ್ನು ಸಂಭಾಳಿಸುವ ಕೈ ನಮ್ಮಲ್ಲಿ ಎಷ್ಟು ಜನರಿಗಿದೆ? ಮುಂದೆ ಉಳಿಯುವ ಹಳೆಯ ಎರಡಕ್ಕೂ ಸಾಕಷ್ಟು ಗ್ರಿಪ್ಪು ಇರಬೇಕೆಂಬುದನ್ನು ಮರೆಯುವಂತಿಲ್ಲ. ಗಾಡಿನೊಳಗೆ ಸಣ್ಣ ಉಬ್ಬುಗಳಿರುತ್ತವೆ, ಅದರ ಮಟ್ಟಕ್ಕೆ ಸವೆದರೆ ಉಳಿದದ್ದು 1.6 ಮಿಲಿಮೀಟರು. ಮಳೆಗಾಲಕ್ಕೆ ಮುಂಚೆ ಅಷ್ಟಕ್ಕೆ ಕಾಯುವುದು ಬೇಡ.

ಹವಾ ನೋಡುವುದಕ್ಕೆ ದುಡ್ಡು ಬೇಡ, ಆದರೂ ಅದನ್ನೇ ನಾವು ಮಾಡುವುದಿಲ್ಲ. ಚಾಲಕನ ಬಾಗಿಲು ತೆಗೆದರೆ ಎಷ್ಟು ಹವಾ ಎಂದು ಚೀಟಿ ಅಂಟಿಸಿರುತ್ತಾರೆ, ತುಂಬಿದ ಗಾಡಿಗೆ ಬೇರೆ ಅಳತೆ. ಬೆಳಿಗ್ಗೆ ತಂಪಿನಲ್ಲಿ ನೋಡಿ. ‘ಬ್ಯಾಸಿಗ್ಯಾಗ ಹವಾ ಕಡಿಮಿ ಇರ್ಲಿ’ ಎಂದು ಬಿಡಿಸುವ ರೂಢಿ ನಮ್ಮ ಕಡೆ ಇದೆ. ಅದು ಪೂರ್ತಿ ಉಲ್ಟಾ, ಮೇಲೆ ಹೇಳಿದ ಹಾಗೆ ಕಡಿಮೆ ಹವಾವೇ ಕಾವಿಗೆ ಮೂಲ. ನೈಟ್ರೋಜನ್ನಿಗೆ ದುಡ್ಡು ಕೇಳುತ್ತಾರೆ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಪುಕ್ಕಟೆ ಹಾಕಿದರೆ ಹಾಕಿಸಿಕೊಳ್ಳಿ.

ಬೆಲೆ ವಿಷಯದಲ್ಲಿ ಒಂದು ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. 6,000 ಮೂಲಬೆಲೆಯ ಟೈರು 7,680 ಇದ್ದದ್ದು 7,080ಕ್ಕೆ ಬರಬೇಕು, ನಾಲ್ಕಕ್ಕೆ 2,400 ಉಳಿತಾಯ. ಟ್ರ್ಯಾಕ್ಟರ್ ಟೈರಿಗೆ ಅದೇ ದಿನದಿಂದ ಬರೀ 5. ಬಿಲ್ಲು ಬೇಡವೆಂದು ನೂರಿನ್ನೂರು ಉಳಿಸಲು ಹೋದರೆ ಮುಂದೆ ಟೈರು ಊದಿಕೊಂಡಾಗ ವಾರಂಟಿ ಕೇಳಲು ಬಾಯಿ ಇರುವುದಿಲ್ಲ. ಟೈರಿನ ಸೀರಿಯಲ್ ನಂಬರು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಯಾವ ಕಂಪನಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ದೇಶದ ದೊಡ್ಡ ನಾಲ್ಕೈದು ಕಂಪನಿಗಳಲ್ಲಿ ಯಾವುದರ ವಾರಂಟಿಯನ್ನು ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಕುಳಿತ ಡೀಲರು ಅಲ್ಲೇ ಬಗೆಹರಿಸುತ್ತಾನೋ ಅದು. ಬೆಂಗಳೂರು, ಹೈದರಾಬಾದಿನಿಂದ ಬರುವ ‘ಸೆಕೆಂಡ್ಸ್’ ಟೈರು, ಕಾರಿಗೆ ರಿಸೋಲ್ ಮಾಡಿದ ಟೈರು ಎರಡೂ ಬೇಡ.

ಕೂಳೆ ಚುಚ್ಚುವುದಕ್ಕೆ ಮಾತ್ರ ನನಗಿನ್ನೂ ಉಪಾಯ ಸಿಕ್ಕಿಲ್ಲ. ಪಕ್ಕ ಗಟ್ಟಿಯಿರುವ ಟೈರು ಹಾಕಿಸಿ ಹತ್ತಿ ಹೊಲದ ದಾರಿಯಲ್ಲಿ ಎರಡು ಮೂರು ವರ್ಷ ಓಡಿಸಿದ ರೈತರಿದ್ದರೆ ಯಾವ ಅಳತೆ, ಎಷ್ಟು ಪಂಕ್ಚರು, ಎಷ್ಟು ಖರ್ಚು ಎಂದು ಇದೇ ಪುಟಕ್ಕೆ ಬರೆಯಿರಿ.